ತೆರಿಗೆ ರೊಕ್ಕ ದೋಚಿದ ಗುಮಾಸ್ತ, ಗಡಿ ದಾಟಿ ಬಂದ ಪೊಲೀಸರು: ದೇವರನಾವದಗಿಯಲ್ಲಿ ಸೆರೆಸಿಕ್ಕ ವಾಸುದೇವ ಬಲವಂತ ಫಡಕೆ

ಪಾಲಬಾವಿ: 2025ರ ಸೆಪ್ಟೆಂಬರ್‌ನಲ್ಲಿ ವಿಜಯಪುರ ಜಿಲ್ಲೆಯ ಚಡಚಣದಲ್ಲಿ ಎಸ್‌ಬಿಐ ಶಾಖೆಗೆ ನುಗ್ಗಿದ ಮುಸುಕುಧಾರಿಗಳು ಸಿಬ್ಬಂದಿಯನ್ನು ಕಟ್ಟಿಹಾಕಿ, ಬಂಗಾರ ಮತ್ತು ರೊಕ್ಕ ತಗೊಂಡು ಮಹಾರಾಷ್ಟ್ರದ ಕಡೆ ಓಡಿದ್ದು ಈ ಭಾಗದ ಯಾವ ಅಂಗಡಿಕಾರರೂ ಮರೆತಿಲ್ಲ. ರಾಯಬಾಗ, ಅಥಣಿ, ಕಾಗವಾಡ, ಚಿಕ್ಕೋಡಿ, ನಿಪ್ಪಾಣಿ ಕಡೆ ಅವತ್ತು ಸಂಜೆ ಶಟರ್ ಎಳೆಯುವಾಗ ಎಲ್ಲರ ಬಾಯಲ್ಲೂ ಒಂದೇ ಮಾತು. ಗಡಿ ದಾಟಿದರೆ ಮುಗೀತು, ಇನ್ನೆಲ್ಲಿ ಸಿಗ್ತಾರೆ ಅಂತ.

ಈ ಗಡಿ ಲೆಕ್ಕ ಇವತ್ತಿನದಲ್ಲ. ಸುಮಾರು ಒಂದೂವರೆ ನೂರು ವರ್ಷದ ಹಿಂದೆ ಇದೇ ಲೆಕ್ಕ ಹಾಕಿಕೊಂಡು ಪುಣೆ ಕಡೆಯಿಂದ ಒಬ್ಬರು ದಕ್ಷಿಣಕ್ಕೆ ಬಂದಿದ್ದರು. ಅವರ ಹಿಂದೆ ಎರಡು ಸರ್ಕಾರಗಳ ಪೊಲೀಸರು ಹಗಲು ರಾತ್ರಿ ಅಲೆದರು. ಕೊನೆಗೆ ಅವರು ಸಿಕ್ಕಿದ್ದು ಕನ್ನಡ ನಾಡಿನ ಒಂದು ಹಳ್ಳಿಯ ಗುಡಿಯಲ್ಲಿ. ಅವರೇ ವಾಸುದೇವ ಬಲವಂತ ಫಡಕೆ. ಸರ್ಕಾರದ ಕಾಗದದಲ್ಲಿ ದರೋಡೆಕೋರ, ಮಹಾರಾಷ್ಟ್ರದ ಜನರ ಬಾಯಲ್ಲಿ ಆದ್ಯ ಕ್ರಾಂತಿಕಾರಿ. ಪುಣೆ, ಮುಂಬೈ ಕಡೆ ಅವರ ಹೆಸರಿನ ರಸ್ತೆ, ಚೌಕಗಳಿವೆ. ಅವರು ಸೆರೆಸಿಕ್ಕ ಊರು ನಮ್ಮ ಪಕ್ಕದ ಜಿಲ್ಲೆಯಲ್ಲೇ ಇದೆ ಅನ್ನೋದು ಮಾತ್ರ ಈ ಕಡೆ ಬಹಳ ಜನಕ್ಕೆ ಗೊತ್ತಿಲ್ಲ.

ಕೋಟೆ ಕಾಯ್ದ ಮನೆತನ

ಫಡಕೆ ಹುಟ್ಟಿದ್ದು 1845ರ ನವೆಂಬರ್ 4ರಂದು. ಊರು ಪನವೇಲ್ ಹತ್ತಿರದ ಶಿರಢೋಣ, ಈಗಿನ ರಾಯಗಡ ಜಿಲ್ಲೆ. ಅಜ್ಜ ಪಕ್ಕದ ಕರ್ನಾಳಾ ಕೋಟೆಯ ಕಿಲ್ಲೇದಾರರಾಗಿದ್ದವರು. 1818ರಲ್ಲಿ ಪೇಶ್ವೆ ಆಡಳಿತ ಮುಗಿದಾಗ ಕೋಟೆ ಕಂಪನಿ ಸರ್ಕಾರದ ಕೈಗೆ ಹೋಯಿತು. ಕೋಟೆ ಹೋದರೂ ಕೋಟೆಯ ಕಥೆ ಮನೆಯಲ್ಲಿ ಉಳಿದಿತ್ತು. ಅದನ್ನು ಕೇಳುತ್ತಲೇ ಹುಡುಗ ಬೆಳೆದ.

ಓದಿಗಿಂತ ಕುಸ್ತಿ, ಕುದುರೆ ಸವಾರಿ ಮೇಲೆ ಮನಸ್ಸು ಜಾಸ್ತಿ. ಹೈಸ್ಕೂಲ್ ಅರ್ಧಕ್ಕೇ ಬಿಟ್ಟು ಪುಣೆ ಸೇರಿದರು. ಅಲ್ಲಿ ಮಿಲಿಟರಿ ಲೆಕ್ಕಪತ್ರದ ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಆ ಕಾಲದಲ್ಲಿ ಸರ್ಕಾರಿ ಪಗಾರ ಅಂದರೆ ಸಣ್ಣ ಮಾತಲ್ಲ. ಸುಮಾರು 15 ವರ್ಷ ಅವರು ಅದೇ ಸರ್ಕಾರದ ಲೆಕ್ಕ ಬರೆದರು.

ಪುಣೆಯಲ್ಲಿ ಅವರಿಗೆ ಗುರುವಾಗಿ ಸಿಕ್ಕವರು ಲಹುಜಿ ಸಾಳ್ವೆ. ಮಾಂಗ ಸಮಾಜದ ದೊಡ್ಡ ಪೈಲ್ವಾನ್, ಜನ ಕರೆಯುತ್ತಿದ್ದುದು ಲಹುಜಿ ವಸ್ತಾದ್ ಅಂತ. ಅವರ ಗರಡಿಯಲ್ಲಿ ಫಡಕೆ ಕತ್ತಿ, ದಾಂಡಪಟ್ಟಾ, ಗುರಿ ಹಿಡಿಯುವುದು ಕಲಿತರು. ಬ್ರಾಹ್ಮಣ ಗುಮಾಸ್ತ ಮಾಂಗ ಸಮಾಜದ ಗುರುವಿನ ಕಾಲಿಗೆ ಬಿದ್ದು ವಿದ್ಯೆ ಕಲಿಯೋದು ಅಂದಿನ ಪುಣೆಯಲ್ಲಿ ದಿನಾ ಕಾಣುವ ಸಂಗತಿ ಆಗಿರಲಿಲ್ಲ. ಮುಂದೆ ಫಡಕೆ ಕಟ್ಟಿದ ಪಡೆಗೆ ಈ ಗರಡಿಯ ಸ್ನೇಹವೇ ದಾರಿ ಮಾಡಿತು.

ರಜಾ ಸಿಗದ ಮಗ

ಊರಲ್ಲಿ ತಾಯಿಗೆ ಕಾಯಿಲೆ ಜೋರಾಯಿತು. ಫಡಕೆ ರಜಾ ಕೇಳಿದರು. ಮೇಲಿನ ಸಾಹೇಬರು ಕೊಡಲಿಲ್ಲ. ಕೊನೆಗೆ ಊರು ಮುಟ್ಟುವ ಹೊತ್ತಿಗೆ ತಾಯಿ ತೀರಿಹೋಗಿದ್ದರು. ಫಡಕೆ ಅವರ ಜೀವನ ಹೇಳುವ ಎಲ್ಲರೂ ಈ ಸಂಗತಿ ಹೇಳ್ತಾರೆ. ಸರ್ಕಾರದ ಮೇಲಿನ ಅವರ ಸಿಟ್ಟು ಮೊದಲು ಮನೆಯೊಳಗೆ ಹುಟ್ಟಿದ್ದು ಹೀಗೆ.

ಆ ಸಿಟ್ಟಿಗೆ ಲೆಕ್ಕ ಸಿಕ್ಕಿದ್ದು ಸಭೆಗಳಲ್ಲಿ. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಅವರ ಭಾಷಣಗಳನ್ನು ಫಡಕೆ ಕೇಳಲು ಹೋಗುತ್ತಿದ್ದರು. ದೇಶದ ಸಂಪತ್ತು ಹೇಗೆ ಹೊರಗೆ ಹರಿದುಹೋಗ್ತಿದೆ, ಇಲ್ಲಿನ ನೇಕಾರ ಕುಶಲಕರ್ಮಿಗಳು ಯಾಕೆ ಬೀದಿಗೆ ಬಿದ್ದಿದ್ದಾರೆ ಅನ್ನೋದನ್ನ ರಾನಡೆ ಅಂಕಿ ಸಮೇತ ವಿವರಿಸುತ್ತಿದ್ದರು. ಫಡಕೆ ವಿದೇಶಿ ವಸ್ತು ಬಳಸುವುದಿಲ್ಲ ಅಂತ ವ್ರತ ಹಿಡಿದರು. ಪುಣೆಯ ಚೌಕಗಳಲ್ಲಿ ತಾವೇ ನಿಂತು ಭಾಷಣ ಮಾಡಿದರು. ಜನ ಕೇಳಿದರು, ಚಪ್ಪಾಳೆ ಹೊಡೆದರು, ಮನೆಗೆ ಹೋದರು.

ಬರ ಬಂತು

1876ರಲ್ಲಿ ಮಳೆ ಕೈಕೊಟ್ಟಿತು. ಧಾತು ಸಂವತ್ಸರದ ಆ ಬರ ಪುಣೆ, ಸೊಲ್ಲಾಪುರದಿಂದ ಹಿಡಿದು ಬೆಳಗಾವಿ, ಧಾರವಾಡ, ಕಲಾದಗಿ, ಬಳ್ಳಾರಿವರೆಗೆ ಹಬ್ಬಿತು. ಈಗಿನ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು ಆಗ ಕಲಾದಗಿ ಜಿಲ್ಲೆ. 1872ರ ಜನಗಣತಿಯಲ್ಲಿ ಆ ಜಿಲ್ಲೆಯಲ್ಲಿ 8 ಲಕ್ಷಕ್ಕೂ ಹೆಚ್ಚು ಜನರಿದ್ದರು. 1881ರಲ್ಲಿ ಎಣಿಸಿದಾಗ ಉಳಿದಿದ್ದು ಸುಮಾರು 6.4 ಲಕ್ಷ. ಐದು ಮನೆಗೆ ಒಂದು ಮನೆ ಖಾಲಿ ಆದಂಗೆ. ಸತ್ತವರೆಷ್ಟೋ, ಊರು ಬಿಟ್ಟು ಹೋದವರೆಷ್ಟೋ.

ಸರ್ಕಾರ ಕಲ್ಲು ಒಡೆಯುವ, ರಸ್ತೆ ಹಾಕುವ, ಕೆರೆ ತೋಡುವ ಬರಗಾಲದ ಕಾಮಗಾರಿ ತೆಗೆಯಿತು. ಆದರೆ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿ ಖರ್ಚು ಜಾಸ್ತಿ ಆಗ್ತಿದೆ ಅಂತ ಕೂಲಿ ಇಳಿಸಿದರು. ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಅಂದರೆ ಅರ್ಧ ಕಿಲೋಗಿಂತ ಕಡಿಮೆ ಧಾನ್ಯ, ಮೇಲೆ ಒಂದು ಆಣೆ. ಇದಕ್ಕೆ ಜನ ಟೆಂಪಲ್ ಕೂಲಿ ಅಂತಲೇ ಹೆಸರಿಟ್ಟರು. 1877ರಲ್ಲಿ ಅದೇ ಟೆಂಪಲ್ ಮುಂಬೈ ಪ್ರಾಂತ್ಯದ ಗವರ್ನರ್ ಆದರು.

ಫಡಕೆ ಈ ಬರದಲ್ಲಿ ಹಳ್ಳಿ ಹಳ್ಳಿ ತಿರುಗಿದರು. ಭಾಷಣದಿಂದ ಏನೂ ಆಗೋದಿಲ್ಲ ಅನ್ನೋ ತೀರ್ಮಾನಕ್ಕೆ ಬಂದಿದ್ದು ಆಗಲೇ.

ಬ್ಯಾಂಕ್ ಇಲ್ಲದ ಕಾಲದ ಬ್ಯಾಂಕ್

ಅವತ್ತು ಹಳ್ಳಿಯಲ್ಲಿ ಬ್ಯಾಂಕೂ ಇಲ್ಲ, ಪತ್ತಿನ ಸಂಘವೂ ಇಲ್ಲ. ರೊಕ್ಕ ಇಡೋದು, ಸಾಲ ತರೋದು, ಬಂಗಾರ ಒತ್ತೆ ಹಾಕೋದು ಎಲ್ಲ ಸಾವುಕಾರರ ವಾಡೆಯಲ್ಲಿ. ರೈತ ಹೆಬ್ಬೆಟ್ಟು ಒತ್ತಿದ ಸಾಲಪತ್ರ ಅವರ ಪೆಟ್ಟಿಗೆಯಲ್ಲಿ ಇರ್ತಿತ್ತು. ಕೆಲವು ಊರಲ್ಲಿ ಸರ್ಕಾರದ ತೆರಿಗೆ ವಸೂಲಿ ಹಣವನ್ನೂ ತಾಲೂಕಿಗೆ ಒಯ್ಯುವ ಮುಂಚೆ ವ್ಯಾಪಾರಿಗಳ ಮನೆಯಲ್ಲೇ ಇಡ್ತಿದ್ದರು. ಅಂದರೆ ಒಂದೇ ಮನೆ ಬ್ಯಾಂಕೂ ಹೌದು, ಖಜಾನೆಯೂ ಹೌದು.

ಈ ವಾಡೆಗಳ ಮೇಲೆ ಜನರ ಸಿಟ್ಟು ಫಡಕೆ ಬರೋಕಿಂತ ಮುಂಚೆಯೇ ಇತ್ತು. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಸಂತೆಯಲ್ಲಿ ಶುರುವಾದ ಗಲಾಟೆ ಅಹಮದನಗರದವರೆಗೆ ಹರಡಿತ್ತು. ಅಲ್ಲಿ ರೈತರು ಮುಖ್ಯವಾಗಿ ಹುಡುಕಿದ್ದು ಸಾಲಪತ್ರ. ಸಿಕ್ಕ ಕಾಗದ ತಂದು ಬೀದಿಯಲ್ಲಿ ಸುಟ್ಟರು. ಸಾವುಕಾರರ ಪಾಲಿಗೆ ಅದು ಬದುಕೇ ಸುಟ್ಟಂತೆ. ಅವರೆಲ್ಲ ಕೆಟ್ಟವರೂ ಅಲ್ಲ. ಬರದಲ್ಲಿ ಸಾಲ ಕೊಟ್ಟು ಊರು ಉಳಿಸಿದವರೂ ಅವರಲ್ಲಿ ಇದ್ದರು. ಆದರೆ ಹಸಿದವನಿಗೆ ಕಾಣೋದು ಎದುರಿಗಿರುವ ಪೆಟ್ಟಿಗೆ.

ಫಡಕೆಗೆ ಬೇಕಾಗಿದ್ದು ದಂಡು ಕಟ್ಟೋಕೆ ರೊಕ್ಕ. ಮೊದಲು ಅವರು ಪುಣೆಯ ಉಳ್ಳವರ ಹತ್ತಿರ ಕೇಳಿ ನೋಡಿದರು. ಯಾರೂ ಗಂಟು ಬಿಚ್ಚಲಿಲ್ಲ. ಆಮೇಲೆ ದರೋಡೆಯ ದಾರಿ ಹಿಡಿದರು.

ಕಾವಲುಗಾರರೇ ಪಡೆ

ಅವರ ಜೊತೆ ಬಂದವರು ಹೆಚ್ಚಾಗಿ ರಾಮೋಶಿಗಳು. ಕೋಳಿ, ಭಿಲ್ಲ, ಧನಗರರೂ ಇದ್ದರು. ರಾಮೋಶಿ ಅಂದರೆ ಯಾರು ಅಂತ ಈ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಊರುಗಳ ತಳವಾರ, ವಾಲಿಕಾರರ ಕೆಲಸವೇ ಅವರದು. ಪೇಶ್ವೆ ಕಾಲದಲ್ಲಿ ಕೋಟೆ ಕಾಯೋದು, ಊರು ಕಾಯೋದು, ಕಳುವಾದ ದನದ ಹೆಜ್ಜೆ ಹಿಡಿದು ಹೋಗಿ ಕಳ್ಳನನ್ನ ಪತ್ತೆ ಮಾಡೋದು ಅವರ ವೃತ್ತಿ. ಅದಕ್ಕೆ ಊರಿಂದ ಕಾಳು, ಜಮೀನು ಸಿಗ್ತಿತ್ತು. ಹೊಸ ಸರ್ಕಾರ ಬಂದ ಮೇಲೆ ಕೋಟೆಗಳು ಪಾಳು ಬಿದ್ದವು, ಕಾವಲಿನ ಹಕ್ಕು ಹೋಯಿತು, ಕೆಲಸ ಪೊಲೀಸ್ ಇಲಾಖೆಗೆ ಹೋಯಿತು. ಊರು ಕಾಯ್ದವರ ಮಕ್ಕಳಿಗೆ ಊಟಕ್ಕೆ ದಾರಿ ಉಳಿಯಲಿಲ್ಲ. ಫಡಕೆಗಿಂತ ಮುಂಚೆ, 1830ರ ಆಸುಪಾಸಿನಲ್ಲೇ ಉಮಾಜಿ ನಾಯಕ ಅನ್ನೋ ರಾಮೋಶಿ ನಾಯಕ ಇದೇ ಕಾರಣಕ್ಕೆ ದಂಗೆ ಎದ್ದು ಗಲ್ಲಿಗೇರಿದ್ದರು.

ಈ ಕಡೆಯೂ ಕಥೆ ಬೇರೆ ಇರಲಿಲ್ಲ. 1857ರಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲ್ಲ ಅಂತ ನಿಂತು ಜೀವ ಕೊಟ್ಟರು. ಊರು ಕಾಯುವವನ ಕೈಯಿಂದ ಆಯುಧವನ್ನೂ ಕಸಿದು ಅನ್ನವನ್ನೂ ಕಸಿದರೆ ಏನಾಗ್ತದೆ ಅನ್ನೋದು ಹಲಗಲಿಯವರಿಗೂ ಗೊತ್ತಿತ್ತು, ಪುಣೆ ಘಟ್ಟದ ರಾಮೋಶಿಗಳಿಗೂ ಗೊತ್ತಿತ್ತು.

ಧಾಮಾರಿಯ ರಾತ್ರಿ

1879ರ ಫೆಬ್ರುವರಿಯಲ್ಲಿ ಶಿರೂರು ತಾಲೂಕಿನ ಧಾಮಾರಿ ಊರಿಗೆ ಫಡಕೆಯ ಗುಂಪು ನುಗ್ಗಿತು. ಗುರಿ ಒಬ್ಬ ವ್ಯಾಪಾರಿಯ ಮನೆ. ಸರ್ಕಾರಕ್ಕೆ ವಸೂಲಾದ ತೆರಿಗೆ ಹಣ ಅಲ್ಲಿದೆ ಅನ್ನೋ ಸುದ್ದಿ ಇತ್ತು. ಕೈಗೆ ಸಿಕ್ಕಿದ್ದು ಸುಮಾರು 400 ರೂಪಾಯಿ. ಒಂದು ದಂಡು ಕಟ್ಟೋಕೆ ಅದು ಯಾವ ಮೂಲೆಗೂ ಸಾಲದು. ಆದರೆ ಆ ರಾತ್ರಿಯಿಂದ ಫಡಕೆ ಸರ್ಕಾರದ ದಫ್ತರದಲ್ಲಿ ದರೋಡೆಕೋರ ಆದರು.

ಒಂದರ ಹಿಂದೆ ಒಂದು ಹಳ್ಳಿಗಳು ಲೂಟಿಯಾದವು. ಗುಂಪು ರಾತ್ರಿ ಬರ್ತಿತ್ತು, ಬೆಳಗಾಗುವ ಮುಂಚೆ ಗುಡ್ಡ ಸೇರ್ತಿತ್ತು. ಬಡವರ ಮನೆ ಮುಟ್ಟಬಾರದು ಅನ್ನೋದು ಫಡಕೆಯ ಉದ್ದೇಶ. ಆದರೆ ಕತ್ತಿ ಬಂದೂಕು ಹಿಡಿದವರು ಕತ್ತಲಲ್ಲಿ ಬಾಗಿಲು ಒಡೆದಾಗ ಒಳಗಿರುವ ಹೆಂಗಸರು ಮಕ್ಕಳಿಗೆ ಉದ್ದೇಶ ಕಾಣೋದಿಲ್ಲ. ವ್ಯಾಪಾರಿಗಳು ಊರು ಬಿಟ್ಟು ಪುಣೆ ಸೇರತೊಡಗಿದರು.

ಫಡಕೆಯ ಲೆಕ್ಕ ದೊಡ್ಡದು. ಸಣ್ಣ ಸಣ್ಣ ಗುಂಪು ಮಾಡಿ ಒಂದೇ ಹೊತ್ತಿಗೆ ಎಲ್ಲ ಕಡೆ ಗಲಭೆ ಎಬ್ಬಿಸಬೇಕು, ಟಪಾಲು ನಿಲ್ಲಿಸಬೇಕು, ರೈಲು ಮತ್ತು ತಂತಿ ಕಡಿಯಬೇಕು, ಜೈಲು ಒಡೆಯಬೇಕು, ಖಜಾನೆ ಹಿಡಿಯಬೇಕು. ಒಂದು ಊರಿನ ಸುದ್ದಿ ಇನ್ನೊಂದು ಊರಿಗೆ ಮುಟ್ಟದಿದ್ದರೆ ಪೊಲೀಸರು ಕುರುಡರಾಗ್ತಾರೆ ಅನ್ನೋದನ್ನ ಹದಿನೈದು ವರ್ಷ ಸರ್ಕಾರಿ ಕಚೇರಿಯಲ್ಲಿ ಕುಂತಿದ್ದ ಗುಮಾಸ್ತ ಚೆನ್ನಾಗಿ ತಿಳಿದಿದ್ದರು.

ಲೆಕ್ಕ ತಪ್ಪಿದ್ದು ಜನರ ವಿಷಯದಲ್ಲಿ. ಜೊತೆಗಿದ್ದ ಅನೇಕರು ಪಾಲಿನ ರೊಕ್ಕ ಸಿಕ್ಕ ಕೂಡಲೇ ಮನೆ ದಾರಿ ಹಿಡಿಯುತ್ತಿದ್ದರು. ಅವರಿಗೆ ಮನೆಯಲ್ಲಿ ಉಪವಾಸ ಇದ್ದ ಮಕ್ಕಳ ಚಿಂತೆ, ಫಡಕೆಗೆ ರಾಜ್ಯದ ಚಿಂತೆ. ಈ ಬೇಸರವನ್ನು ಅವರು ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಮೇಜರ್ ಡೇನಿಯಲ್ ಬೆನ್ನು ಹತ್ತಿದ್ದು

ಸಾಮಾನ್ಯ ಪೊಲೀಸರಿಂದ ಇದು ಆಗಲ್ಲ ಅಂತ ಸರ್ಕಾರ ಮೇಜರ್ ಹೆನ್ರಿ ವಿಲಿಯಂ ಡೇನಿಯಲ್ ಅವರನ್ನು ಬೆನ್ನಟ್ಟೋಕೆ ಬಿಟ್ಟಿತು. 1879ರ ಮೇ 10 ಮತ್ತು 11ರಂದು ಫಡಕೆಯ ಬಲಗೈ ದೌಲತರಾವ್ ನಾಯಕ ಕೊಂಕಣಕ್ಕೆ ಇಳಿದು ಪಳಸ್ಪೆ, ಚಿಖಲಿ ಊರುಗಳನ್ನು ದೋಚಿದ. ಸಿಕ್ಕ ಮಾಲು ಸುಮಾರು 1.5 ಲಕ್ಷ ರೂಪಾಯಿ. ಧಾಮಾರಿಯ 400 ರೂಪಾಯಿ ಎಲ್ಲಿ, ಇದೆಲ್ಲಿ. ಆದರೆ ಮಾಲು ಹೊತ್ತು ಘಟ್ಟ ಹತ್ತುವ ದಾರಿಯಲ್ಲೇ ಡೇನಿಯಲ್ ಪಡೆ ಎದುರಾಯಿತು. ದೌಲತರಾವ್ ಗುಂಡಿಗೆ ಬಲಿಯಾದ.

ಅದೇ ಮೇ ತಿಂಗಳಲ್ಲಿ ಪುಣೆಯ ಬುಧವಾರ ವಾಡೆ, ವಿಶ್ರಾಮಬಾಗ್ ವಾಡೆಗಳಿಗೆ ಬೆಂಕಿ ಬಿತ್ತು. ಬೆಂಕಿಗೂ ಫಡಕೆಗೂ ಸಂಬಂಧ ಇದೆ ಅನ್ನೋ ಗುಮಾನಿ ಊರೆಲ್ಲ ಹಬ್ಬಿತು. ಲಂಡನ್ನಿನ ಪತ್ರಿಕೆಗಳೂ ಪುಣೆಯ ಸುದ್ದಿ ಬರೆದವು. ಸರ್ಕಾರ ಫಡಕೆ ತಲೆಗೆ ಇನಾಮು ಕಟ್ಟಿತು. ಫಡಕೆ ಸುಮ್ಮನಿರಲಿಲ್ಲ, ಗವರ್ನರ್ ಟೆಂಪಲ್ ತಲೆಗೇ ತಮ್ಮ ಇನಾಮು ಸಾರಿದರು.

ಶ್ರೀಶೈಲದ ದಾರಿ

ದೌಲತರಾವ್ ಸತ್ತ ಮೇಲೆ ಫಡಕೆಗೆ ಕೈ ಮುರಿದಂಗಾಯಿತು. ಅವರು ದಕ್ಷಿಣಕ್ಕೆ ನಡೆದು ಶ್ರೀಶೈಲ ಮುಟ್ಟಿದರು. ಉಗಾದಿ ಹೊತ್ತಿಗೆ ಕಂಬಿ ಹೊತ್ತು ಈ ಭಾಗದಿಂದ ಸಾವಿರಾರು ಜನ ಪಾದಯಾತ್ರೆ ಹೋಗುವ ಅದೇ ಮಲ್ಲಯ್ಯನ ಸನ್ನಿಧಿ. ಅಲ್ಲಿ ಫಡಕೆ ದೇವರೆದುರು ಜೀವ ಬಿಡುವ ಯೋಚನೆಯಲ್ಲಿದ್ದರು. ತಮ್ಮ ಬದುಕಿನ ಕಥೆಯನ್ನು ಬರೆದಿಟ್ಟಿದ್ದೂ ಆ ದಿನಗಳಲ್ಲೇ. ಮಾಡಬೇಕಂದಿದ್ದು ಆಗಲಿಲ್ಲ ಅನ್ನೋ ಸಂಕಟ ಆ ಬರಹದ ತುಂಬ ಇದೆ.

ಆದರೆ ಅವರು ಸಾಯಲಿಲ್ಲ. ಮತ್ತೆ ಎದ್ದರು. ಹೈದರಾಬಾದ್ ನಿಜಾಮರ ಸೀಮೆಯಲ್ಲಿ ಕೂಲಿಗೆ ಹೋರಾಡುವ ರೋಹಿಲ್ಲರ ಜೊತೆ ಮಾತುಕತೆ ಮಾಡಿ ಸುಮಾರು 500 ಜನರನ್ನು ಹೊಂದಿಸುವ ಏರ್ಪಾಡು ಮಾಡಿಕೊಂಡರು. ಅದಕ್ಕೂ ರೊಕ್ಕ ಬೇಕು. ರೊಕ್ಕ ಬರುವ ಮುಂಚೆ ಪೊಲೀಸರು ಬಂದರು.

ಎರಡು ಸರ್ಕಾರ, ಒಂದೇ ಬೆನ್ನಟ್ಟುವಿಕೆ

ಆ ಕಾಲದ ನಕ್ಷೆ ನೋಡಿದರೆ ಫಡಕೆಯ ಲೆಕ್ಕ ಅರ್ಥ ಆಗ್ತದೆ. ಅಥಣಿ, ಚಿಕ್ಕೋಡಿ ಬ್ರಿಟಿಷರ ಬೆಳಗಾವಿ ಜಿಲ್ಲೆ. ರಾಯಬಾಗ ಕೊಲ್ಲಾಪುರ ಸಂಸ್ಥಾನ. ಮುಧೋಳ, ಜಮಖಂಡಿ, ಜತ್ತ ಬೇರೆ ಬೇರೆ ರಾಜರ ಸೀಮೆ. ಭೀಮಾ ನದಿ ದಾಟಿದರೆ ನಿಜಾಮರ ರಾಜ್ಯ. ಒಂದು ಸೀಮೆಯ ಪೊಲೀಸ್ ಇನ್ನೊಂದು ಸೀಮೆಯಲ್ಲಿ ಕಾಲಿಡಬೇಕಾದರೆ ಕಾಗದ ಪತ್ರ ನಡೀಬೇಕು. ಆ ಕಾಗದ ತಿರುಗಿ ಬರುವಷ್ಟರಲ್ಲಿ ಕಳ್ಳ ಮೂರನೇ ಸೀಮೆಗೆ ಹೋಗಿರ್ತಿದ್ದ.

ಫಡಕೆ ವಿಷಯದಲ್ಲಿ ಹಾಗೆ ಆಗಲಿಲ್ಲ. ನಿಜಾಮರ ಪೊಲೀಸ್ ಅಧಿಕಾರಿ ಅಬ್ದುಲ್ ಹಕ್ ಮತ್ತು ಮೇಜರ್ ಡೇನಿಯಲ್ ಇಬ್ಬರೂ ಜೊತೆಯಾಗಿ ಹಿಂದೆ ಬಿದ್ದರು. ಇನಾಮಿನ ಆಸೆಗೆ ಸುದ್ದಿ ಕೊಡುವವರೂ ಸಿಕ್ಕರು. ಘಾನೂರು ಎಂಬ ಊರಲ್ಲಿ ಒಂದು ಸಲ ಕಾಳಗವೂ ನಡೆಯಿತು. ಫಡಕೆ ತಪ್ಪಿಸಿಕೊಂಡು ಪಂಢರಪುರದ ಕಡೆ ಹೊರಟರು. ಆಷಾಢದ ದಿನಗಳಲ್ಲಿ ಆ ದಾರಿಯಲ್ಲಿ ಜನ ಓಡಾಡೋದು ಸಹಜ.

1879ರ ಜುಲೈ 20. ಕಲಾದಗಿ ಜಿಲ್ಲೆಯ ದೇವರನಾವದಗಿ. ಇವತ್ತಿನ ವಿಜಯಪುರ ಜಿಲ್ಲೆಯ ಸಿಂದಗಿ ಭಾಗದಲ್ಲಿ ಬರುವ ಊರು. ಅಲ್ಲಿಯ ಗುಡಿಯೊಂದರಲ್ಲಿ ಫಡಕೆ ತಂಗಿದ್ದರು. ವಾರಗಟ್ಟಲೆ ನಡೆದು ದೇಹ ಸೋತಿತ್ತು. ಡೇನಿಯಲ್ ಮತ್ತು ಅಬ್ದುಲ್ ಹಕ್ ಪಡೆ ಅಲ್ಲೇ ಅವರನ್ನು ಹಿಡಿಯಿತು. ಫೆಬ್ರುವರಿಯಲ್ಲಿ ಶುರುವಾದ ದರೋಡೆಯ ಸರಣಿ ಆರು ತಿಂಗಳು ತುಂಬುವ ಮುಂಚೆ ಮುಗಿಯಿತು.

ತಮ್ಮ ಬರಹವೇ ಸಾಕ್ಷಿ

ಫಡಕೆಯನ್ನು ಪುಣೆಗೆ ಒಯ್ದರು. ಮುಳಾ ಮುಠಾ ನದಿಗಳು ಕೂಡುವ ಸಂಗಮ ಸೇತುವೆ ಹತ್ತಿರದ ಕೋರ್ಟು ಕಟ್ಟಡದ ಕೋಣೆಯಲ್ಲಿ ಇಟ್ಟರು. ಸಾರ್ವಜನಿಕ ಕಾಕಾ ಎಂದೇ ಹೆಸರಾದ ಗಣೇಶ ವಾಸುದೇವ ಜೋಶಿ ಅವರ ಪರ ವಕಾಲತ್ತು ಹಾಕಿದರು. ಆಗ ಫಡಕೆಯ ಪರ ನಿಲ್ಲೋದಕ್ಕೆ ಎದೆ ಬೇಕಿತ್ತು.

ಆದರೆ ವಕೀಲರ ವಾದಕ್ಕಿಂತ ದೊಡ್ಡ ಸಾಕ್ಷಿ ಪೊಲೀಸರ ಕೈಯಲ್ಲಿತ್ತು. ಫಡಕೆ ತಾವೇ ಬರೆದ ಆತ್ಮಕಥೆ ಮತ್ತು ದಿನಚರಿ. ಲೆಕ್ಕ ಬರೆಯುವ ಗುಮಾಸ್ತನ ಅಭ್ಯಾಸ ಬಿಟ್ಟಿರಲಿಲ್ಲ. ಎಲ್ಲಿ ಹೋದರು, ಏನು ಮಾಡಿದರು, ಏನು ಮಾಡಬೇಕಂತಿದ್ದರು ಎಲ್ಲ ಅದರಲ್ಲಿತ್ತು. ಸರ್ಕಾರದ ವಿರುದ್ಧ ಯುದ್ಧ ಹೂಡಿದ ಆರೋಪ ಸಾಬೀತಾಗಿ ಜೀವಾವಧಿ ಕರಿನೀರಿನ ಶಿಕ್ಷೆ ಆಯಿತು. ಅಂಡಮಾನಿಗೆ ಕಳಿಸಲಿಲ್ಲ, ಸಮುದ್ರದಾಚೆ ಅರಬ್ ತೀರದ ಏಡನ್ ಜೈಲಿಗೆ ಕಳಿಸಿದರು.

ಅಲ್ಲಿಯೂ ಪೈಲ್ವಾನ್ ಮೈ ಸುಮ್ಮನಿರಲಿಲ್ಲ. ಒಂದು ದಿನ ಕೋಣೆಯ ಬಾಗಿಲನ್ನೇ ತಿರುಗಣಿಯಿಂದ ಕಿತ್ತು ಹೊರಬಿದ್ದರು. ಭಾಷೆ ತಿಳಿಯದ ಮರುಭೂಮಿಯಲ್ಲಿ ಎಷ್ಟು ದೂರ ಓಡೋದು, ಬೇಗನೇ ಮತ್ತೆ ಸಿಕ್ಕರು. ಊಟ ಬಿಟ್ಟು ಸೊರಗಿದರು. 1883ರ ಫೆಬ್ರುವರಿ 17ರಂದು ಏಡನ್ ಜೈಲಲ್ಲೇ ತೀರಿಕೊಂಡರು. ವಯಸ್ಸು 37.

ಪೊಲೀಸ್ ಇಲಾಖೆಯಲ್ಲಿ ಉಳಿದದ್ದು

ಪೊಲೀಸ್ ವ್ಯವಸ್ಥೆಯ ಎಲ್ಲ ಬದಲಾವಣೆಯೂ ಫಡಕೆಯೊಬ್ಬರಿಂದಲೇ ಆಯಿತು ಅನ್ನೋದು ತಪ್ಪಾಗ್ತದೆ. ಆದರೆ ಆ ಆರು ತಿಂಗಳಲ್ಲಿ ಎದ್ದು ಕಂಡ ಸಂಗತಿಗಳು ಆಮೇಲೆ ಇಲಾಖೆಯ ನಡೆಯಲ್ಲಿ ಗಟ್ಟಿಯಾದವು.

ಮೊದಲನೇದು ಗಡಿ. ದರೋಡೆಕೋರ ನಕ್ಷೆ ನೋಡಿ ಓಡುತ್ತಾನೆ, ಪೊಲೀಸರು ನಕ್ಷೆ ನೋಡಿ ನಿಲ್ಲಬಾರದು ಅನ್ನೋದನ್ನ ದೇವರನಾವದಗಿ ತೋರಿಸಿತು. ಇವತ್ತು ಕಾನೂನೇ ಇದೆ, ಬಂಧಿಸುವ ಅಧಿಕಾರ ಇರುವ ಪೊಲೀಸ್ ಅಧಿಕಾರಿ ವಾರಂಟ್ ಇಲ್ಲದೆ ಆರೋಪಿಯ ಬೆನ್ನಟ್ಟಿ ದೇಶದ ಯಾವ ಮೂಲೆಗಾದರೂ ಹೋಗಬಹುದು. ಚಡಚಣದ ದರೋಡೆಯಲ್ಲೂ ಕಳ್ಳರು ಬಳಸಿದ ಕಾರು ಸಿಕ್ಕಿದ್ದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿ. ಎರಡೂ ರಾಜ್ಯದ ಪೊಲೀಸರು ಕೈಜೋಡಿಸದೆ ಅಂಥ ಪ್ರಕರಣ ಒಂದು ಹೆಜ್ಜೆಯೂ ಮುಂದೆ ಹೋಗೋದಿಲ್ಲ.

ಎರಡನೇದು ಸುದ್ದಿ. ಫಡಕೆ ಸಿಕ್ಕಿದ್ದು ಬಂದೂಕಿನ ಬಲದಿಂದಲ್ಲ, ಯಾರೋ ಕೊಟ್ಟ ಸುಳಿವಿನಿಂದ. ಸುದ್ದಿ ಕೂಡಿಸುವುದೇ ಒಂದು ಪ್ರತ್ಯೇಕ ಕೆಲಸ ಅನ್ನೋದು ನಿಧಾನಕ್ಕೆ ಇಲಾಖೆಗೆ ಮನವರಿಕೆ ಆಯಿತು. 1887ರಲ್ಲಿ ವೈಸರಾಯ್ ಡಫ್ರಿನ್ ಕಾಲದಲ್ಲಿ ಕೇಂದ್ರದಲ್ಲೂ ಪ್ರಾಂತ್ಯಗಳಲ್ಲೂ ಗುಪ್ತ ಮಾಹಿತಿಗೆ ವಿಶೇಷ ಶಾಖೆ ಬಂತು. 1902-03ರ ಪೊಲೀಸ್ ಆಯೋಗದ ಶಿಫಾರಸಿನ ನಂತರ ಪ್ರಾಂತ್ಯಕ್ಕೊಂದು ಸಿಐಡಿ ಹುಟ್ಟಿಕೊಂಡಿತು. ಬೆಳಗಾವಿ, ವಿಜಯಪುರ, ಧಾರವಾಡ ಜಿಲ್ಲೆಗಳು 1956ರವರೆಗೆ ಮುಂಬೈ ಪ್ರಾಂತ್ಯದಲ್ಲೇ ಇದ್ದವು, ಹಾಗಾಗಿ ಈ ಭಾಗದ ಠಾಣೆಗಳೂ ಬೆಳೆದಿದ್ದು ಅದೇ ಪದ್ಧತಿಯಲ್ಲಿ.

ಮೂರನೇದು ಗುಮಾನಿ. ಇದರ ಪೆಟ್ಟು ಬಿದ್ದಿದ್ದು ತಪ್ಪು ಮಾಡದವರಿಗೆ. ಫಡಕೆ ಭಾಷಣ ಕೇಳಿದ್ದರು ಅನ್ನೋ ಕಾರಣಕ್ಕೆ ರಾನಡೆ ಅವರ ಮೇಲೂ ಸರ್ಕಾರದ ಕಣ್ಣು ಬಿತ್ತು. 1879ರ ಮೇ ತಿಂಗಳಲ್ಲಿ ಅವರನ್ನು ಪುಣೆಯಿಂದ ದೂರದ ಧುಳೆಗೆ ಕಳಿಸಿದರು. ಅವರಿಗೆ ಬರುವ ಟಪಾಲು ಒಡೆದು ನೋಡುವುದೂ ನಡೆಯಿತು. ಕೋರ್ಟಿನಲ್ಲಿ ನ್ಯಾಯ ಹೇಳುವ ವ್ಯಕ್ತಿಯನ್ನೇ ಕದ್ದು ನೋಡುವ ಕಾಲ ಬಂತು.

ಹಳ್ಳಿಯ ಬಡವರಿಗೆ ಇದರ ಪೆಟ್ಟು ಇನ್ನೂ ಜೋರು. ಹುಟ್ಟಿದ ಜಾತಿ ನೋಡಿ ಇಡೀ ಸಮುದಾಯವನ್ನೇ ಅಪರಾಧಿ ಅಂತ ಬರೆಯುವ ಕಾನೂನು ಉತ್ತರ ಭಾರತದಲ್ಲಿ 1871ರಲ್ಲೇ ಬಂದಿತ್ತು. 1911ರಲ್ಲಿ ಅದನ್ನು ಮುಂಬೈ ಪ್ರಾಂತ್ಯಕ್ಕೂ ತಂದರು. ಒಂದು ಕಾಲಕ್ಕೆ ಊರು ಕಾಯ್ದ ರಾಮೋಶಿಗಳೂ ಆ ಪಟ್ಟಿಗೆ ಸೇರಿದರು. ಗಂಡಸರು ಠಾಣೆಗೆ, ಚಾವಡಿಗೆ ಹೋಗಿ ಹಾಜರಿ ಹಾಕಬೇಕು, ಹೇಳದೆ ಊರು ಬಿಡಬಾರದು. ಹುಬ್ಬಳ್ಳಿ, ಗದಗ ಕಡೆ ತಂತಿ ಬೇಲಿಯೊಳಗೆ ಇಂಥ ಸಮುದಾಯಗಳನ್ನು ಇಟ್ಟ ಜಾಗಕ್ಕೆ ಇವತ್ತಿಗೂ ಸೆಟ್ಲಮೆಂಟ್ ಅಂತಲೇ ಹೆಸರು. 1952ರ ಆಗಸ್ಟ್ 31ರಂದು ಆ ಕಾನೂನು ಹೋಯಿತು. ಆದರೆ ಊರಲ್ಲಿ ಕಳವಾದರೆ ಮೊದಲು ಯಾರ ಗುಡಿಸಲಿಗೆ ಪೊಲೀಸರು ಬರ್ತಾರೆ ಅನ್ನೋದನ್ನ ಆ ಓಣಿಯವರನ್ನೇ ಕೇಳಿ ನೋಡಬೇಕು.

ಇನ್ನೊಂದು ಕಡೆ ಸರ್ಕಾರಕ್ಕೆ ಬುದ್ಧಿಯೂ ಬಂತು. 1875ರ ಗಲಾಟೆಯ ಆಯೋಗದ ವರದಿ ಧೂಳು ಹಿಡಿದು ಕುಂತಿತ್ತು. ಫಡಕೆ ಸೆರೆಯಾದ 1879ರಲ್ಲೇ ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಜಿಲ್ಲೆಗಳಿಗೆ ರೈತರ ಸಾಲ ಪರಿಹಾರದ ಕಾಯ್ದೆ ಬಂತು. ಸಾಲಪತ್ರದ ಹಿಂದಿನ ಲೆಕ್ಕ ಕೆದಕಿ ನೋಡುವ ಅಧಿಕಾರ ಕೋರ್ಟಿಗೆ ಸಿಕ್ಕಿತು. 1880ರಲ್ಲಿ ಬರಗಾಲದ ಆಯೋಗ ವರದಿ ಕೊಟ್ಟಿತು, ಬರ ಬಂದಾಗ ಏನು ಮಾಡಬೇಕು ಅನ್ನೋ ನಿಯಮ ಆದವು. ದರೋಡೆ ನಿಲ್ಲಿಸೋದಕ್ಕೆ ಠಾಣೆ ಎಷ್ಟು ಮುಖ್ಯವೋ ಕೂಲಿ ಮತ್ತು ಕಾಳು ಅಷ್ಟೇ ಮುಖ್ಯ ಅನ್ನೋದನ್ನ ಸರ್ಕಾರ ಬಾಯಿಬಿಟ್ಟು ಹೇಳದಿದ್ದರೂ ಮಾಡಿ ತೋರಿಸಿತು.

ದರೋಡೆಕೋರನ ಸ್ಮಾರಕ

ಫಡಕೆಯನ್ನು ಇಟ್ಟಿದ್ದ ಸಂಗಮ ಸೇತುವೆ ಬಳಿಯ ಆ ಕಟ್ಟಡ ಆಮೇಲೆ ಮಹಾರಾಷ್ಟ್ರ ಸಿಐಡಿ ಕಚೇರಿಯಾಯಿತು. ಅವರ ಸ್ಮಾರಕವೂ ಅಲ್ಲೇ ಇದೆ. 1984ರಲ್ಲಿ ಭಾರತ ಸರ್ಕಾರ ಅವರ ಹೆಸರಲ್ಲಿ ಅಂಚೆ ಚೀಟಿ ತಂದಿತು. ಟಪಾಲು ನಿಲ್ಲಿಸಬೇಕು ಅಂತ ಹೊರಟಿದ್ದವರ ಮುಖ ಟಪಾಲಿನ ಮೇಲೆಯೇ ಬಂತು.

ಅವರನ್ನು ಇವತ್ತಿನ ಬ್ಯಾಂಕ್ ದರೋಡೆಕೋರರ ಜೊತೆ ಸೇರಿಸುವಂತಿಲ್ಲ. ಇವರು ದೋಚೋದು ತಮ್ಮ ಹೊಟ್ಟೆಗೆ, ಅವರು ಹೊರಟಿದ್ದು ರಾಜ್ಯ ತಿರುಗಿಸಲಿಕ್ಕೆ. ಆದರೆ ಧಾಮಾರಿಯ ವ್ಯಾಪಾರಿಯ ಮನೆಯಲ್ಲಿ ಆ ರಾತ್ರಿ ಬಿದ್ದ ಭಯ ಮಾತ್ರ ಯಾವ ಕಾಲದ ಅಂಗಡಿಕಾರನಿಗೂ ಅರ್ಥ ಆಗುವಂಥದ್ದು. ಎರಡೂ ಸತ್ಯವೇ.

ಪಾಲಬಾವಿ, ಹಾರೂಗೇರಿ, ಮುಗಳಖೋಡ ಕಡೆ ಇವತ್ತು ಪತ್ತಿನ ಸಂಘ, ಬಂಗಾರದ ಅಂಗಡಿ, ಎಟಿಎಂ ಎಲ್ಲ ಇವೆ. ಕ್ಯಾಮೆರಾ, ಅಲಾರಂ ಹಾಕಿಸೋದಕ್ಕೆ ಸಾವಿರಾರು ರೂಪಾಯಿ ಖರ್ಚು ಮಾಡ್ತೇವೆ. ಅದು ಬೇಕು. ಜೊತೆಗೆ ಅದೇ ಅಂಗಡಿ ಮುಂದೆ ರಾತ್ರಿಯಿಡೀ ಕೋಲು ಹಿಡಿದು ಕೂರುವ ಕಾವಲುಗಾರನ ಪಗಾರ ಎಷ್ಟು, ಅದು ತಿಂಗಳಿಗೆ ಸರಿಯಾಗಿ ಕೈ ಸೇರ್ತದಾ ಅಂತಲೂ ಸಂಘದ ಸಭೆಯಲ್ಲಿ ಒಂದು ಸಲ ಕೇಳಬೇಕು. ಗಡಿಯಾಚೆಯಿಂದ ಅಪರಿಚಿತರು ಬಂದು ಸುತ್ತಾಡಿದರೆ ಮೊದಲು ಕಾಣೋದು ಅವನಿಗೇ. ಅನುಮಾನ ಬಂದರೆ 112ಕ್ಕೆ ಫೋನ್ ಮಾಡಬಹುದು. ಘಟನೆ ಯಾವ ಠಾಣೆಯ ಹದ್ದಿನಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲೇ ಝೀರೋ ಎಫ್‌ಐಆರ್ ದಾಖಲಿಸುವ ಅವಕಾಶ 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನಿನಲ್ಲಿದೆ. ನಮ್ಮ ಹದ್ದು ಅಲ್ಲ, ಆಚೆ ಠಾಣೆಗೆ ಹೋಗಿ ಅಂತ ಯಾರಾದರೂ ಹೇಳಿದರೆ ಈ ಮಾತು ನೆನಪಿಸಬಹುದು.